ಗುಜರಿಯ ದಾರಿಯಿಂದ ಹಿಂದಿರುಗುವ ಮೈಸೂರು ಜಾವಾ

ಮೈಸೂರಿನ ಅಂಚಿನ ಬೋಗಾದಿ ಈಗ ಹಳ್ಳಿಯಾಗಿ ಉಳಿದಿಲ್ಲ. ರಿಂಗ್ ರಸ್ತೆ ದಾಟಿ ಗದ್ದಿಗೆ ರಸ್ತೆಯ ಉದ್ದಕ್ಕೂ ಬಡಾವಣೆಗಳು ಹಬ್ಬಿವೆ. ಹಳೆಯ ಹೆಂಚಿನ ಮನೆಗಳು ಒಂದೊಂದಾಗಿ ಉರುಳಿ ಆ ಜಾಗದಲ್ಲಿ ಮೂರಂತಸ್ತಿನ ಕಟ್ಟಡಗಳು ಏಳುತ್ತಿವೆ. ಮೈಸೂರಿನಲ್ಲಿ ಹೀಗೆ ಹಳೇ ಮನೆ ಖಾಲಿ ಮಾಡುವಾಗ ಒರಳು, ಹಂಡೆ, ಮುರಿದ ಮಂಚಗಳ ಜೊತೆಗೆ ಇನ್ನೊಂದು ವಸ್ತು ಕೊಟ್ಟಿಗೆಯ ಮೂಲೆಯಿಂದ ಹೊರಬರುವುದುಂಟು. ಗೋಣಿಚೀಲ ಎಳೆದರೆ ಕೆಳಗೆ ಅಪ್ಪನದೋ ತಾತನದೋ ಜಾವಾ. ಟೈರು ನೆಲಕ್ಕೆ ಕಚ್ಚಿದೆ, ಟ್ಯಾಂಕಿನ ಹೊಳಪು ತುಕ್ಕಾಗಿದೆ, ಇಂಜಿನ್ ಜಾಮ್ ಆಗಿದೆ.

ಅಲ್ಲಿಂದ ಅದರ ದಾರಿ ಎರಡು. ಒಂದು, ತಕ್ಕಡಿ ಹಿಡಿದು ಬರುವ ಗುಜರಿಯವರ ಗಾಡಿಗೆ. ಇನ್ನೊಂದು, ಎರಡು ಸ್ಟ್ರೋಕಿನ ಇಂಜಿನ್ ಬಿಚ್ಚಿ ಕಟ್ಟಬಲ್ಲ ಹಳೆಯ ಮೆಕ್ಯಾನಿಕ್ ಬಳಿಗೆ. ಎರಡನೆಯ ದಾರಿ ಹಿಡಿದ ಬೈಕುಗಳು ಇವತ್ತಿಗೂ ಮೈಸೂರಿನ ರಸ್ತೆಯಲ್ಲಿವೆ. ಅವನ್ನು ಮಾಡಿದ ಕಾರ್ಖಾನೆ 1996ರಲ್ಲೇ ಬಾಗಿಲು ಹಾಕಿತು. ಆಮೇಲೆ ಇಷ್ಟು ವರ್ಷ ಈ ಗಾಡಿಗಳನ್ನು ಓಡಿಸಿರುವುದು ಸತ್ತ ಗಾಡಿಗಳಿಂದ ಬಿಚ್ಚಿಟ್ಟ ಭಾಗಗಳು ಮತ್ತು ಅವನ್ನು ಕೂರಿಸುವ ಕೈಗಳು.

ಆ ಕಾರ್ಖಾನೆ ಇದ್ದದ್ದು ಬೋಗಾದಿಯಿಂದ ಕೆಲವೇ ಕಿಲೋಮೀಟರ್ ದೂರದ ಯಾದವಗಿರಿಯಲ್ಲಿ. ಪ್ರಾಗ್‌ನ ಉದ್ಯಮಿ ಫ್ರಾಂಟಿಶೆಕ್ ಯಾನೆಚೆಕ್ 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯ ಮೋಟಾರ್ ಸೈಕಲ್ ತಯಾರಿಕೆಯನ್ನು ಕೈಗೆತ್ತಿಕೊಂಡಾಗ ಎರಡೂ ಹೆಸರುಗಳ ಮೊದಲ ಅಕ್ಷರಗಳು ಕೂಡಿ 'ಜಾವಾ' ಆಯಿತು. ಸ್ವಾತಂತ್ರ್ಯಾನಂತರ ಭಾರತ ಮೋಟಾರ್ ಸೈಕಲ್ ಆಮದನ್ನು ಬಿಗಿ ಮಾಡಿತು; ಹೊರಗಿನ ಬೈಕು ಮಾರಬೇಕಾದರೆ ಇಲ್ಲೇ ತಯಾರಿಸಬೇಕಿತ್ತು. ಮುಂಬೈನ ಇರಾನಿ ಮನೆತನದವರು ಮೈಸೂರಿಗೆ ಬಂದು ಐಡಿಯಲ್ ಜಾವಾ ಕಂಪನಿ ಕಟ್ಟಿದರು. 1961ರಲ್ಲಿ ಕಾರ್ಖಾನೆಯನ್ನು ಉದ್ಘಾಟಿಸಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರ್. ಬೋಗಾದಿ ರಸ್ತೆಯ ಮಗ್ಗುಲಲ್ಲೇ ಇರುವ ಮಾನಸಗಂಗೋತ್ರಿ ಕ್ಯಾಂಪಸ್ ಆರಂಭವಾದದ್ದು 1960ರಲ್ಲಿ. ಮೈಸೂರು ವಿಶ್ವವಿದ್ಯಾನಿಲಯದ ಆ ಕ್ಯಾಂಪಸ್ಸೂ ಜಾವಾ ಕಾರ್ಖಾನೆಯೂ ಒಂದೇ ಓರಗೆಯವು.

1970ರ ದಶಕದಲ್ಲಿ ಟ್ಯಾಂಕಿನ ಮೇಲಿನ ಹೆಸರು 'ಯೆಜ್ಡಿ' ಎಂದಾಯಿತು. 1978ರಲ್ಲಿ ರೋಡ್‌ಕಿಂಗ್ ಎಂಬ ಮಾದರಿ ಬಂತು. 1985ರ ಹೊತ್ತಿಗೆ ಹೀರೋ ಹೋಂಡಾ, ಯಮಹಾ ಆರ್‌ಎಕ್ಸ್ 100 ರಸ್ತೆಗಿಳಿದವು. ಒಂದು ಕಡೆ ಕಡಿಮೆ ಪೆಟ್ರೋಲಿಗೆ ಹೆಚ್ಚು ದೂರ ಓಡುವ ಜಪಾನಿ ಗಾಡಿಗಳು, ಇನ್ನೊಂದು ಕಡೆ ಬಿಗಿಯಾಗುತ್ತಾ ಬಂದ ಹೊಗೆ ನಿಯಮಗಳು. ಎರಡರ ನಡುವೆ 250 ಸಿಸಿಯ ಹೊಗೆಯುಗುಳುವ ಗಾಡಿ ಉಳಿಯಲಿಲ್ಲ.

ಸತ್ತ ಜಾವಾ ಎಬ್ಬಿಸುವ ಕೆಲಸ ಸ್ಪ್ಯಾನರಿನಿಂದ ಶುರುವಾಗುವುದಿಲ್ಲ, ಕಾಗದದಿಂದ. ಆರ್‌ಸಿ ಪುಸ್ತಕ ಇದೆಯೇ, ಅದರಲ್ಲಿರುವ ಚಾಸಿ ನಂಬರ್ ಹ್ಯಾಂಡಲ್ ಕತ್ತಿನ ಬಳಿಯ ನಂಬರಿಗೆ ತಾಳೆಯಾಗುತ್ತದೆಯೇ, ಇಂಜಿನ್ ನಂಬರ್ ಅದೇ ಇದೆಯೇ? ಇಷ್ಟನ್ನು ನೋಡದೆ ದುಡ್ಡು ಸುರಿದವರು ಕೊನೆಗೆ ರಸ್ತೆಗಿಳಿಸಲಾಗದ ಚೆಂದದ ಗಾಡಿಯನ್ನು ಮನೆಯಲ್ಲಿ ನಿಲ್ಲಿಸಿಕೊಳ್ಳುತ್ತಾರೆ.

ಆಮೇಲೆ ಇಂಜಿನ್. ಜಾಮ್ ಆದ ಪಿಸ್ಟನ್ನಿಗೆ ಸುತ್ತಿಗೆ ತಾಗಿಸುವುದಿಲ್ಲ. ಸ್ಪಾರ್ಕ್ ಪ್ಲಗ್ ಬಿಚ್ಚಿ, ಆ ತೂತಿನಲ್ಲಿ ಡೀಸೆಲ್ಲೋ ಎಣ್ಣೆಯೋ ಸುರಿದು ದಿನಗಟ್ಟಲೆ ಬಿಡುತ್ತಾರೆ. ಪಿಸ್ಟನ್ ಸಡಿಲವಾದ ಮೇಲೆ ಸಿಲಿಂಡರ್ ತೆಗೆದು ಗೀರು ಬಿದ್ದಿದೆಯೇ ಎಂದು ಬೆರಳಾಡಿಸಿ ನೋಡುವುದು. ಬಿದ್ದಿದ್ದರೆ ಲೇತ್ ಅಂಗಡಿಯಲ್ಲಿ ಬೋರ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಕೂರಿಸಬೇಕು. ಮೂಲ ಬೋರ್ 65 ಮಿಲಿಮೀಟರ್. ಕಾಲು ಮಿಲಿಮೀಟರಿನಂತೆ ಹೆಚ್ಚಿಸುತ್ತಾ ಕೆಲವು ಸಲ ಮಾತ್ರ ಹೀಗೆ ಮಾಡಬಹುದು. ಆದ್ದರಿಂದ ಬಲ್ಲ ಮೆಕ್ಯಾನಿಕ್ ಬೋರ್ ಮಾಡಿಸಲು ಆತುರಪಡುವುದಿಲ್ಲ. ಕ್ರ್ಯಾಂಕ್ ಇನ್ನೂ ನಾಜೂಕು. ಅದು ಒಂದೇ ತುಂಡಲ್ಲ, ಒತ್ತಿ ಜೋಡಿಸಿದ್ದು. ಕನೆಕ್ಟಿಂಗ್ ರಾಡ್ ಬದಲಿಸಬೇಕಾದರೆ ಪ್ರೆಸ್ಸಿನಲ್ಲಿ ಬಿಡಿಸಿ, ಮತ್ತೆ ಒತ್ತಿ, ಎರಡು ಬದಿಯೂ ನೇರ ತಿರುಗುವವರೆಗೆ ಗೇಜ್ ಹಿಡಿದು ಸರಿಪಡಿಸಬೇಕು. ಕೂದಲೆಳೆಯಷ್ಟು ಸೊಟ್ಟಗಾದರೂ ಹ್ಯಾಂಡಲ್ ನಡುಗುತ್ತದೆ, ಬೇರಿಂಗ್ ಬೇಗ ಸವೆಯುತ್ತದೆ.

ಈ ಕಸುಬಿನ ಜಾಣತನ ಕಾಣುವುದು ರೋಗ ಹಿಡಿಯುವುದರಲ್ಲಿ. ಗೇರ್‌ಬಾಕ್ಸಿನ ಆಯಿಲ್ ಕಡಿಮೆಯಾಗುತ್ತಿದೆ, ಆದರೆ ನೆಲದ ಮೇಲೆ ಒಂದು ಹನಿಯೂ ಇಲ್ಲ. ಸೈಲೆನ್ಸರಿನಿಂದ ಮಾತ್ರ ಬಿಳಿ ಹೊಗೆ ದಟ್ಟವಾಗಿ ಬರುತ್ತಿದೆ. ಹೊಸಬರು ಕಾರ್ಬುರೇಟರ್ ಬಿಚ್ಚುತ್ತಾರೆ. ಹಳಬರು ಕ್ಲಚ್ ಬದಿಯ ಆಯಿಲ್ ಸೀಲಿಗೆ ಕೈ ಹಾಕುತ್ತಾರೆ. ಎರಡು ಸ್ಟ್ರೋಕಿನ ಇಂಜಿನ್ನಿನಲ್ಲಿ ಕ್ರ್ಯಾಂಕ್ ಕೋಣೆಯೇ ಪೆಟ್ರೋಲು ಮಿಶ್ರಿತ ಗಾಳಿಯನ್ನು ಎಳೆದು ಮೇಲೆ ತಳ್ಳುವ ಪಂಪು. ಸೀಲು ಹರಿದರೆ ಅದು ಪಕ್ಕದಿಂದ ಗೇರ್ ಆಯಿಲನ್ನೂ ಎಳೆದು ಸುಟ್ಟುಬಿಡುತ್ತದೆ. ಕೆಲವೇ ರೂಪಾಯಿಯ ರಬ್ಬರ್ ಸೀಲು. ಆದರೆ ಅದನ್ನು ತಲುಪಲು ಪ್ರೈಮರಿ ಚೈನು, ಕ್ಲಚ್ಚು ಎಲ್ಲವನ್ನೂ ಕೆಳಗಿಳಿಸಬೇಕು.

ಜಾವಾದಲ್ಲಿ ಕಿಕ್ಕರ್ ಬೇರೆ, ಗೇರ್ ಬೇರೆ ಇಲ್ಲ. ಒಂದೇ ಕಡ್ಡಿಯನ್ನು ಒಳಕ್ಕೆ ಒತ್ತಿ ಹಿಂದಕ್ಕೆ ತಿರುಗಿಸಿದರೆ ಕಿಕ್ಕರ್. ಸ್ಟಾರ್ಟ್ ಆದ ಮೇಲೆ ಮುಂದಕ್ಕೆ ತಂದರೆ ಅದೇ ಗೇರ್. ದಶಕಗಳ ಒದೆತಕ್ಕೆ ಅದರ ಶಾಫ್ಟಿನ ಹಲ್ಲು ಸವೆದಿರುತ್ತದೆ. ಬದಲಿ ಹುಡುಕಬೇಕಾದಾಗಲೇ ಬಿಡಿಭಾಗದ ಕಥೆ ತೆರೆದುಕೊಳ್ಳುವುದು.

ಮೈಸೂರಿನ ಸುತ್ತ ತರಕಾರಿ ಸಾಗಿಸುವ ಹಳೆಯ ಟಾಟಾ 207 ಪಿಕಪ್ಪುಗಳೂ ಗುಜರಿಯ ಭಾಗಗಳಿಂದಲೇ ಬದುಕನ್ನು ಉದ್ದಗೊಳಿಸಿಕೊಳ್ಳುತ್ತವೆ. ಆದರೆ ಅವನ್ನು ಮಾಡಿದ ಕಂಪನಿ ಬದುಕಿದೆ. ಜಾವಾಕ್ಕೆ ಆ ಭಾಗ್ಯವಿಲ್ಲ. ಇರುವುದು ಮೂರು ಮೂಲ: ಹಳೆಯ ಅಂಗಡಿಗಳಲ್ಲಿ ಮಾರಾಟವಾಗದೆ ಉಳಿದ ಅಸಲಿ ಸರಕು, ಈಗಲೂ ತಯಾರಾಗುವ ನಕಲು ಭಾಗಗಳು, ಮತ್ತು ಕಾಗದ ಕಳೆದುಕೊಂಡು ಇನ್ನು ಓಡಲಾಗದ ಗಾಡಿಗಳು. ಮೂರನೆಯದೇ ನಿಜವಾದ ಗಣಿ. ಜಾವಾದ ಎಷ್ಟೋ ಭಾಗಗಳು 250 ಸಿಸಿಯ ಯೆಜ್ಡಿಗೂ ಹೊಂದುವುದರಿಂದ ಒಂದು ಸತ್ತ ಗಾಡಿ ಮೂರ್ನಾಲ್ಕು ಗಾಡಿಗಳಲ್ಲಿ ಹಂಚಿಹೋಗುತ್ತದೆ: ಒಂದಕ್ಕೆ ಕ್ರ್ಯಾಂಕ್‌ಕೇಸ್, ಇನ್ನೊಂದಕ್ಕೆ ಮಡ್‌ಗಾರ್ಡು, ಮತ್ತೊಂದಕ್ಕೆ ಸ್ಪೀಡೋಮೀಟರ್. ನಕಲು ಗೇರ್ ಹಲ್ಲಿಗಿಂತ ಸವೆದ ಅಸಲಿ ಹಲ್ಲು ಎಷ್ಟೋ ಸಲ ಹೆಚ್ಚು ಬಾಳುತ್ತದೆ. ಆದ್ದರಿಂದ ಒಳ್ಳೆಯ ಮೆಕ್ಯಾನಿಕ್ ಶೆಡ್ಡಿನಲ್ಲಿ ತುಕ್ಕು ಹಿಡಿದ ರಾಶಿ ಕಂಡರೆ ಅದನ್ನು ಕಸವೆಂದು ತಿಳಿಯಬಾರದು. ಅದು ಅವರ ಉಗ್ರಾಣ.

ಹೊರಮೈ ಕೆಲಸ ಬೇರೆಯದೇ ಕೈಗಳದು. ಟ್ಯಾಂಕಿನ ನೆಗ್ಗು ಎತ್ತುವವರು ಒಬ್ಬರು, ಕ್ರೋಮ್ ಕೊಡುವವರು ಇನ್ನೊಬ್ಬರು, ಮರೂನ್ ಬಣ್ಣದ ಮೇಲೆ ಸಣ್ಣ ಕುಂಚದಿಂದ ಚಿನ್ನದ ಗೆರೆ ಎಳೆಯುವವರು ಮತ್ತೊಬ್ಬರು. ಸ್ಟಿಕ್ಕರ್ ಅಂಟಿಸಿದರೂ ಆಗುತ್ತದೆ. ಆದರೆ ಕೈಯಲ್ಲಿ ಎಳೆದ ಗೆರೆಯ ಪಕ್ಕದಲ್ಲಿ ಸ್ಟಿಕ್ಕರ್ ಸೋಲುತ್ತದೆ. ಎರಡೂ ಬದಿಯ ಉದ್ದ ಸೈಲೆನ್ಸರುಗಳ ಒಳಗಿನ ಮಸಿಯನ್ನು ಕೆರೆದು ತೆಗೆದ ಮೇಲೆಯೇ ಆ ಪರಿಚಿತ ಸದ್ದು ಮರಳುವುದು.

ಒಂದು ವಿಷಯದಲ್ಲಿ ಜಾವಾ ಪ್ರಿಯರಲ್ಲಿ ಒಮ್ಮತವಿಲ್ಲ. ಮೂಲ ಜಾವಾದ್ದು 6 ವೋಲ್ಟಿನ ವಿದ್ಯುತ್ ವ್ಯವಸ್ಥೆ, ಹೆಡ್‌ಲೈಟ್ ಮಂಕು. ಕೆಲವರು ಅದನ್ನು 12 ವೋಲ್ಟಿಗೆ ಬದಲಿಸುತ್ತಾರೆ, ಅಪ್ಪಟವಾದಿಗಳು ಒಪ್ಪುವುದಿಲ್ಲ. ರಾತ್ರಿ ಗದ್ದಿಗೆ ರಸ್ತೆಯಲ್ಲಿ ಲಾರಿಗಳ ನಡುವೆ ಓಡಿಸುವ ಗಾಡಿಗೆ ಬೆಳಕು ಮುಖ್ಯ, ಪ್ರದರ್ಶನಕ್ಕಿಡುವ ಗಾಡಿಗೆ ಮೂಲ ರೂಪ ಮುಖ್ಯ. ಓಡುವ ಗಾಡಿಯ ಪರ ನಿಲ್ಲುವುದೇ ಸರಿ.

ಕಾನೂನಿಗೆ ಮಾತ್ರ ಮೂಲ ರೂಪವೇ ಬೇಕು. 2021ರಲ್ಲಿ ಕೇಂದ್ರ ಸರ್ಕಾರ ತಂದ ನಿಯಮದಂತೆ 50 ವರ್ಷ ದಾಟಿದ, ಮೂಲ ಸ್ವರೂಪ ಉಳಿಸಿಕೊಂಡ ಬೈಕು-ಕಾರುಗಳನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಹೊಸ ನೋಂದಣಿಗೆ 20,000 ರೂಪಾಯಿ, ಅವಧಿ 10 ವರ್ಷ. ಆದರೆ ಅಂಥ ಗಾಡಿಯನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ದಿನವೂ ಓಡಿಸುವವರಿಗೆ 15 ವರ್ಷ ದಾಟಿದ ಗಾಡಿಗಳ ಮರುನೋಂದಣಿಯೇ ದಾರಿ.

2018ರಲ್ಲಿ ಜಾವಾ ಹೆಸರು ಮತ್ತೆ ಮಾರುಕಟ್ಟೆಗೆ ಬಂತು. ಆದರೆ ಆ ಬೈಕು ತಯಾರಾಗುವುದು ಮಧ್ಯಪ್ರದೇಶದ ಪೀಥಂಪುರದಲ್ಲಿ. ಇಂಜಿನ್ ನಾಲ್ಕು ಸ್ಟ್ರೋಕಿನದು. ಅದರ ಭಾಗಗಳು ಯಾದವಗಿರಿಯ ಜಾವಾಕ್ಕೆ ಹೊಂದುವುದಿಲ್ಲ. ಪ್ರತಿವರ್ಷ ಜುಲೈ ಎರಡನೇ ಭಾನುವಾರ ಜಾವಾ-ಯೆಜ್ಡಿ ದಿನಾಚರಣೆಗೆ ಹೊರಡುವ ಹಳೆಯ ಬೈಕುಗಳ ಸಾಲು ಇಂದಿಗೂ ಹಳೆಯ ಭಾಗಗಳ ಬಲದ ಮೇಲೆಯೇ ನಿಂತಿದೆ.

ನಿಮ್ಮ ಮನೆಯ ಹಿತ್ತಲಲ್ಲೂ ಅಂಥದ್ದೊಂದು ನಿಂತಿದ್ದರೆ ತೂಕಕ್ಕೆ ಹಾಕುವ ಮೊದಲು ಬೀರುವಿನಲ್ಲಿ ಆರ್‌ಸಿ ಪುಸ್ತಕ ಹುಡುಕಿ. ಸಿಕ್ಕರೆ ಆ ಗಾಡಿ ಮತ್ತೆ ಓಡಬಹುದು. ಸಿಗದಿದ್ದರೆ ಗುಜರಿಗೆ ಕಳಿಸುವ ಬದಲು ಒಬ್ಬ ಜಾವಾ ಮೆಕ್ಯಾನಿಕ್‌ಗೆ ತೋರಿಸಿ; ಅದರ ಕ್ರ್ಯಾಂಕ್‌ಕೇಸಿಗಾಗಿ ಮೈಸೂರಿನಲ್ಲಿ ಇನ್ನೊಂದು ಗಾಡಿ ಕಾಯುತ್ತಿರಬಹುದು.