ಹೆಬ್ಬಾವಿನ ಕಾವು

ಹೆಬ್ಬಾಗಿಲು, ಹೆಬ್ಬೆರಳುಗಳಂತೆ ಗಾತ್ರದಿಂದಲೇ ಹೆಸರು ಪಡೆದ ಹೆಬ್ಬಾವನ್ನು ಸಂಸ್ಕೃತದವರು, ಆಡನ್ನು ನುಂಗುವುದೆಂಬ ಅರ್ಥದಲ್ಲಿ, ಅಜಗರವೆಂದು ಕರೆದರು. ಅಗಸ್ತ್ಯರ ಶಾಪದಿಂದ ಅಜಗರನಾದ ನಹುಷನು ಭೀಮಸೇನನನ್ನೇ ಸುತ್ತಿ ಹಿಡಿದ ಭಾರತಕಥೆಯನ್ನು ಕೇಳಿ ಬೆಳೆದ ನಮಗೆ ಅದರ ಅಂಗಬಲ, ಜಠರಬಲಗಳಲ್ಲದೆ ಬೇರೊಂದು ಗುಣ ತೋರದಿರುವುದು ಸಹಜವೇ.

ಆ ಬಲದ ಸ್ವರೂಪವನ್ನಾದರೂ ನಾವು ಸರಿಯಾಗಿ ಅರಿತಿರಲಿಲ್ಲ. ಸುತ್ತಿಕೊಂಡ ಹಾವು ಬೇಟೆಯ ಎಲುಬು ಮುರಿಯುವುದೆಂದು ಜನರೂ, ಉಸಿರು ಕಟ್ಟಿಸುವುದೆಂದು ಪಂಡಿತರೂ ಬಹುಕಾಲ ನಂಬಿದ್ದರು; ಹೆಬ್ಬಾವಿನ ದಾಯಾದಿಯಾದ ಅಮೆರಿಕದ ಬೋವಾ ಹಾವುಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಬಿಗಿತ ಬಿದ್ದ ಕೆಲವೇ ಕ್ಷಣಗಳಲ್ಲಿ ಇಲಿಯ ರಕ್ತಸಂಚಾರವೇ ಕುಂದಿಹೋಗುವುದು ಕಂಡುಬಂದಿತು. ಇನ್ನು ನುಂಗುವಾಗ, ಗದ್ದದಲ್ಲಿ ಬೆಸೆಯದೆ ಹಿಗ್ಗುವ ತಂತುವಿನಿಂದ ಕೂಡಿಕೊಂಡ ಕೆಳದವಡೆಯ ಎರಡು ಪಾರ್ಶ್ವಗಳು ದೂರ ಸರಿಯುತ್ತವೆ. ಶ್ವಾಸನಾಳದ ಬಾಯಿ ನಾಲಗೆಯ ಮೇಲಿನಿಂದ ಮುಂದಕ್ಕೆ ಚಾಚಿ, ತುಂಬಿದ ಬಾಯಲ್ಲಿಯೂ ಉಸಿರಾಟ ಸಾಗುತ್ತದೆ.

ಆದರೆ ನನ್ನನ್ನು ನಿಜವಾಗಿ ವಿಸ್ಮಯಗೊಳಿಸುವುದು ಇವಾವುದೂ ಅಲ್ಲ, ಅದರ ತಾಯ್ತನ. ಬೇಸಗೆಯಲ್ಲಿ ಯಾವುದೋ ಬಿಲದಲ್ಲಿಯೋ ಮರದ ಪೊಟರೆಯಲ್ಲಿಯೋ ಮೊಟ್ಟೆಯಿಟ್ಟ ಹೆಣ್ಣು, ಒಂದಕ್ಕೊಂದು ಅಂಟಿಕೊಂಡ, ಚರ್ಮದಂತೆ ಮೆತ್ತಗಿರುವ ಆ ಬಿಳಿಯ ರಾಶಿಯನ್ನು ಸುರುಳಿ ಸುರುಳಿಯಾಗಿ ಬಳಸಿ, ಮೇಲೆ ತಲೆಯಿಟ್ಟು, ಸುಮಾರು ಎರಡು ತಿಂಗಳು ಬಹುತೇಕ ನಿರಾಹಾರಿಯಾಗಿ ಕುಳಿತಿರುವುದು. ಹೊರಗೆ ತಂಪೇರಿದಾಗ ಅದರ ಮೈಯ ಮಾಂಸಖಂಡಗಳು ಬಿಕ್ಕಳಿಕೆಯಂತೆ ಮತ್ತೆ ಮತ್ತೆ ಅದಿರುತ್ತವೆ. ಆ ನಡುಕದಿಂದ ಶಾಖ ಹುಟ್ಟಿ ಮೊಟ್ಟೆಗಳಿಗೆ ಮುಟ್ಟುತ್ತದೆ. ಬಿಸಿಲು ಕಾಯಿಸಿಕೊಂಡೇ ಬದುಕಬೇಕಾದ ಶೀತರಕ್ತದ ಜೀವಿ ತನ್ನ ಸಂತಾನಕ್ಕಾಗಿ ತಾನೇ ಒಲೆಯಾಗುವುದೆಂಬ ಈ ಸಂಗತಿಯನ್ನು 1832ರಲ್ಲಿ ಲಮಾರ್-ಪಿಕೊ ಎಂಬ ಫ್ರೆಂಚ್ ಪ್ರವಾಸಿ ತಿಳಿಸಿದಾಗ ಪ್ಯಾರಿಸಿನ ವಿದ್ವಾಂಸರು ನಂಬಲಿಲ್ಲ. 1841ರಲ್ಲಿ ಅದೇ ನಗರದಲ್ಲಿ ಕಾವು ಕೂತ ಹೆಬ್ಬಾವಿನ ಸುರುಳಿಗಳ ನಡುವೆ ಉಷ್ಣಮಾಪಕವನ್ನಿಟ್ಟು ವಾಲಾನ್ಸಿಯೆನ್ ಎಂಬ ಪ್ರಾಣಿವಿಜ್ಞಾನಿ ಅದನ್ನು ದೃಢಪಡಿಸಿದನು. ನ್ಯೂಯಾರ್ಕಿನ ಮೃಗಾಲಯದಲ್ಲಿ ಬರ್ಮಾ ಹೆಬ್ಬಾವೊಂದರ ಮೇಲೆ ನಡೆದು 1966ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ತಾಯಿಯ ಮೈ ಸುತ್ತಲಿನ ಗಾಳಿಗಿಂತ ಹೆಚ್ಚು ಬೆಚ್ಚಗಿತ್ತು; ಗಾಳಿ ತಣ್ಣಗಾದಷ್ಟೂ ನಡುಕ ಹೆಚ್ಚುತ್ತಿತ್ತು.

ಮರಿಗಳು ಹೊರಬಂದ ಮೇಲೆ ಅವಕ್ಕೆ ತಾಯಿಯ ಆಸರೆಯಿಲ್ಲ; ತಾಯಿಯೂ ಬಡಕಲಾದ ಮೈಯೊಡನೆ ಆಹಾರವನ್ನರಸಿ ಹೊರಡುತ್ತದೆ. ನಮ್ಮ ನಾಡಿನ ಹೆಬ್ಬಾವಿಗೆ ವಿಷವಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿ ಅದಕ್ಕೆ ರಕ್ಷಣೆಯುಂಟು. ಬೇಸಗೆಯ ದಿನಗಳಲ್ಲಿ ಹೊಲದ ಬದುವಿನ ಬಿಲದಲ್ಲಿ ಅಲುಗದೆ ಸುರುಳಿ ಸುತ್ತಿ ಮಲಗಿದ ಹೆಬ್ಬಾವು ಕಂಡರೆ, ರೈತಬಾಂಧವರು ಕೋಲೆತ್ತದೆ, ಅರಣ್ಯ ಇಲಾಖೆಯವರಿಗೆ ಸುದ್ದಿ ಮುಟ್ಟಿಸಬೇಕೆಂದು ಬೇಡುತ್ತೇನೆ.