ಹಿಮಯುಗ ಬಿಟ್ಟುಹೋದ ಕಾಡಿನ ದಾರಿಗಳು

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಆಗ್ನೇಯ ಭಾಗದಲ್ಲಿರುವ ಕೆಟಲ್ ಮೊರೇನ್ ರಾಜ್ಯ ಅರಣ್ಯಕ್ಕೆ ಜನ ಬರುವುದು ನಡೆಯಲು, ಸೈಕಲ್ ಹೊಡೆಯಲು, ಈಜಲು, ಚಳಿಗಾಲದಲ್ಲಿ ಸ್ಕೀ ಮಾಡಲು. ಉತ್ತರ, ದಕ್ಷಿಣ ಎಂಬ ಎರಡು ಮುಖ್ಯ ವಿಭಾಗಗಳೇ ಸೇರಿ 50 ಸಾವಿರ ಎಕರೆಗೂ ಹೆಚ್ಚು ಹರಡಿವೆ. ಎತ್ತರದ ಪರ್ವತವಾಗಲಿ ಧುಮ್ಮಿಕ್ಕುವ ಜಲಪಾತವಾಗಲಿ ಇಲ್ಲಿಲ್ಲ. ಆದರೂ ಇಲ್ಲಿನ ಒಂದೊಂದು ಏರಿಳಿತಕ್ಕೂ ಹಿಮಯುಗದ ಹಿನ್ನೆಲೆಯಿದೆ. ಅದನ್ನು ತಿಳಿದು ನಡೆದವರಿಗೆ ಈ ಕಾಡು ಬಹಳ ಹೆಚ್ಚು ಕೊಡುತ್ತದೆ.

ಕಳೆದ ಹಿಮಯುಗದಲ್ಲಿ ಕೆನಡಾ ಕಡೆಯಿಂದ ಇಳಿದ ಭಾರೀ ಹಿಮರಾಶಿ ಇಲ್ಲಿಗೆ ಬರುವಾಗ ಕವಲೊಡೆದಿತ್ತು. ಒಂದು ಕವಲು ಗ್ರೀನ್ ಬೇ ಕಡೆಯಿಂದ, ಇನ್ನೊಂದು ಮಿಷಿಗನ್ ಸರೋವರದ ಕಡೆಯಿಂದ ಬಂದು ಎದುರುಬದುರಾದವು. ಎರಡೂ ಹೊತ್ತು ತಂದ ಮರಳು, ಜಲ್ಲಿ, ಬಂಡೆಗಳು ನಡುವಿನ ಸಂದಿನಲ್ಲಿ ಸುರಿದು ಮೊರೇನ್ ಎಂಬ ಉದ್ದನೆಯ ದಿಬ್ಬಸಾಲು ಎದ್ದಿತು. ಭೂವಿಜ್ಞಾನಿ ಟಿ. ಸಿ. ಚೇಂಬರ್ಲಿನ್ 1870ರ ದಶಕದಲ್ಲಿ ಇದನ್ನು ವಿವರವಾಗಿ ಅಧ್ಯಯನ ಮಾಡಿದರು.

ಕೆಟಲ್ ಎಂದರೆ ಇಲ್ಲಿನ ಕುಳಿಗಳು. ಹಿಮರಾಶಿಯಿಂದ ಕಳಚಿದ ಮಂಜುಗಡ್ಡೆಯ ತುಂಡುಗಳು ಮರಳು, ಜಲ್ಲಿಯಡಿ ಹೂತುಹೋದವು. ನಿಧಾನವಾಗಿ ಅವು ಕರಗಿದಾಗ ಮೇಲಿನ ನೆಲ ಕುಸಿಯಿತು. ಗ್ರೀನ್‌ಬುಷ್ ಬಳಿ ರಸ್ತೆ ಬದಿಯಲ್ಲೇ ಅಂಥದೊಂದು ಆಳವಾದ ಕುಳಿಯಿದೆ. ಅಂಚಿನಲ್ಲಿ ನಿಂತು ಬಗ್ಗಿ ನೋಡಿದರೆ ಸುತ್ತಲೂ ಮರಗಳು ತುಂಬಿದ ಇಳಿಜಾರು. ಕೆಲವು ಕುಳಿಗಳು ಒಣಗಿದ್ದರೆ, ಕೆಲವು ಕೆರೆಗಳಾಗಿವೆ, ಇನ್ನು ಕೆಲವು ಪಾಚಿ ತುಂಬಿದ ಜೌಗುಗಳಾಗಿವೆ.

ಪಾರ್ನೆಲ್ ಎಸ್ಕರ್ ಇಲ್ಲಿನ ಅತ್ಯಂತ ಸೊಗಸಾದ ರಚನೆ. ಹಿಮದಡಿಯ ಸುರಂಗದಲ್ಲಿ ಹರಿದ ಹೊಳೆ ತನ್ನ ಪಾತ್ರದ ತುಂಬ ಮರಳು, ಜಲ್ಲಿ ತುಂಬುತ್ತ ಹೋಯಿತು. ಹಿಮ ಕರಗಿದ ಮೇಲೆ ಆ ಪಾತ್ರವೇ ನಮ್ಮ ಕೆರೆ ಏರಿಯಂತೆ ಅಂಕುಡೊಂಕಾಗಿ ನೆಲದ ಮೇಲೆ ಉಳಿಯಿತು; ಇಂಥ ಏರಿಯೇ ಎಸ್ಕರ್. ನೀರಿನಲ್ಲಿ ಉರುಳಿ ನುಣುಪಾದ ಕಲ್ಲುಗಳು ಇಲ್ಲಿ ಕಾಲಡಿಯಲ್ಲೇ ಸಿಗುತ್ತವೆ. ಡಂಡೀ ಮೌಂಟನ್ ಎಂಬ ಶಂಕುವಿನಾಕಾರದ ಗುಡ್ಡ ಹುಟ್ಟಿದ್ದು ಬೇರೆ ರೀತಿಯಲ್ಲಿ: ಕರಗಿದ ನೀರು ಹಿಮದ ಬಿರುಕಿನೊಳಗೆ ಬಿದ್ದು ಜಲ್ಲಿ ರಾಶಿ ಹಾಕಿತು. ಲಾಂಗ್ ಲೇಕ್ ಬಳಿಯಿಂದ ಅದರ ನೆತ್ತಿಗೆ ಕಾಲುದಾರಿಯಿದೆ.

ಚಾರಣಿಗರಿಗೆ ಮುಖ್ಯವಾದದ್ದು ಐಸ್ ಏಜ್ ಟ್ರೇಲ್. ಹಿಮರಾಶಿಯ ಅಂಚನ್ನು ಹಿಡಿದು ನಡೆಯುವ ದಾರಿಯೊಂದು ಬೇಕೆಂಬುದು ಮಿಲ್ವಾಕಿಯ ವಕೀಲ ರೇ ಝಿಲ್ಮರ್ ಅವರ ಕನಸಾಗಿತ್ತು. 1980ರಲ್ಲಿ ಅದಕ್ಕೆ ರಾಷ್ಟ್ರೀಯ ಮಾನ್ಯತೆ ಸಿಕ್ಕಿತು. ರಾಜ್ಯದುದ್ದಕ್ಕೂ ಸುಮಾರು 1,900 ಕಿಲೋಮೀಟರ್ ಸಾಗುವಂತೆ ಯೋಜಿಸಿದ ಈ ದಾರಿ ಅರಣ್ಯದ ಎರಡೂ ವಿಭಾಗಗಳನ್ನು ಹಾದುಹೋಗುತ್ತದೆ. ನಡುವೆ ರಾತ್ರಿ ತಂಗಲು ಮರದ ಆಸರೆಗಳಿವೆ, ಮೊದಲೇ ಕಾಯ್ದಿರಿಸಬೇಕು.

ದಕ್ಷಿಣ ವಿಭಾಗದ ಜಾನ್ ಮ್ಯೂರ್, ಎಮ್ಮಾ ಕಾರ್ಲಿನ್ ದಾರಿಗಳು ಮೌಂಟನ್ ಬೈಕ್ ಸವಾರರ ಅಚ್ಚುಮೆಚ್ಚು. ಕುಳಿ, ದಿಬ್ಬಗಳು ಒತ್ತೊತ್ತಾಗಿರುವುದರಿಂದ ಸಣ್ಣ ದೂರದಲ್ಲೇ ಏರು, ಇಳಿತ, ತಿರುವು ಬೆನ್ನುಬೆನ್ನಿಗೆ ಬರುತ್ತವೆ. ಬೇಸಿಗೆಯಲ್ಲಿ ಮಾಥೀ ಲೇಕ್, ಒಟ್ಟಾವಾ ಲೇಕ್‌ಗಳಲ್ಲಿ ಈಜು, ದೋಣಿವಿಹಾರ. ಹಿಮ ಬಿದ್ದಾಗ ಗ್ರೀನ್‌ಬುಷ್ ಸುತ್ತಿನ ದಾರಿಗಳು ಸ್ಕೀ ಮಾಡುವವರ ಪಾಲು. ಅವರಿಗಾಗಿ ಹದಗೊಳಿಸಿದ ಹಿಮದ ಮೇಲೆ ಕಾಲ್ನಡಿಗೆಗೆ ಅವಕಾಶವಿಲ್ಲ.

ಮಳೆಯಾದ ಮೇಲೆ ಬೈಕ್ ದಾರಿಗಳನ್ನು ಮುಚ್ಚುವುದುಂಟು. ಹಲವರಿಗೆ ಇದು ಕಿರಿಕಿರಿ ಎನಿಸಬಹುದು, ಆದರೆ ಈ ಎಚ್ಚರ ಸರಿಯಾದದ್ದೇ. ಈ ದಿಬ್ಬಗಳು ಬಂಡೆಯವಲ್ಲ, ಸಡಿಲ ಜಲ್ಲಿ, ಮರಳಿನವು. ಒದ್ದೆ ನೆಲದಲ್ಲಿ ಚಕ್ರ ಕೊರೆದ ಗೀರು ಮುಂದಿನ ಮಳೆಗೆ ಕೊರಕಲಾಗುತ್ತದೆ. ಹಾಗೆ ಕೊಚ್ಚಿಹೋದ ಎಸ್ಕರನ್ನು ಮತ್ತೆ ಕಟ್ಟಿಕೊಡುವ ಹಿಮರಾಶಿ ಇಂದಿಲ್ಲ.

ಹೋಗುವವರು ಮೊದಲು ಡಂಡೀ ಬಳಿಯ ಐಸ್ ಏಜ್ ಸಂದರ್ಶಕರ ಕೇಂದ್ರವನ್ನು ನೋಡುವುದು ಒಳ್ಳೆಯದು. ನವೆಂಬರ್ ಕೊನೆಯಲ್ಲಿ ಜಿಂಕೆ ಬೇಟೆಯ ಅವಧಿ ಇರುವುದರಿಂದ, ಆಗ ಕಾಡಿಗಿಳಿಯುವವರು ಎದ್ದುಕಾಣುವ ಕಿತ್ತಳೆ ಬಣ್ಣದ ಉಡುಪು ತೊಟ್ಟೇ ನಡೆಯಬೇಕು.