ಎಡಗಡೆಯ ಮರ, ಬಲಗಡೆಯ ಮಿದುಳು

ಚಿಂಚೋಳಿ ತಾಲ್ಲೂಕಿನ ಕುಂಚಾವರಂ ಕಾಡಿನೊಳಗೆ ಸಾಗುವ ಬಸ್ಸಿನ ಮುಂದಿನ ಸೀಟಿನಲ್ಲಿ ಕೂತು ರಸ್ತೆಯನ್ನೇ ನೋಡುತ್ತಿದ್ದೀರಿ ಅನ್ನಿ. ಎಡಗಡೆಯ ಮರಗಳ ಚಿತ್ರ ಬಲ ಮಿದುಳಿಗೆ ಹೋಗುತ್ತದೆ, ಬಲಗಡೆಯದು ಎಡ ಮಿದುಳಿಗೆ. ಎಡಗಣ್ಣೇ ಬಲ ಮಿದುಳಿಗೆ ಸೇರಿದ್ದು ಎಂದು ಹಲವರು ತಿಳಿದಿದ್ದಾರೆ; ಹಾಗಲ್ಲ. ಒಂದೊಂದು ಕಣ್ಣೂ ಎರಡೂ ಬದಿಯನ್ನು ನೋಡುತ್ತದೆ. ಅಕ್ಷಿಪಟದಲ್ಲಿ ಮೂಗಿನ ಕಡೆಯಿಂದ ಹೊರಟ ನರದ ಎಳೆಗಳು ಮಿದುಳಿನ ಬುಡದಲ್ಲಿ ಆಚೆ ಬದಿಗೆ ದಾಟುತ್ತವೆ, ಕಿವಿಯ ಕಡೆಯವು ದಾಟುವುದಿಲ್ಲ.

ಹೀಗೆ ಹಂಚಿಹೋದರೂ ಕಾಡು ನಮಗೆ ಎರಡು ಹೋಳಾಗಿ ಕಾಣುವುದಿಲ್ಲ. ಎರಡು ಅರೆಗೋಳಗಳನ್ನು ಸುಮಾರು 20 ಕೋಟಿ ನರತಂತುಗಳ ಸೇತುವೆ ಬೆಸೆದಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿರುವ ಮಿದುಳು ಸಂಗ್ರಹಾಲಯಕ್ಕೆ ಹೋದವರು ನಿಜವಾದ ಮಿದುಳನ್ನೇ ನೋಡಬಹುದು. ನಟ್ಟನಡುವೆ ಸೀಳಿದ ಮಿದುಳಿನಲ್ಲಿ ಈ ಸೇತುವೆ ಬಾಗಿದ ಬಿಳಿ ಪಟ್ಟಿಯಾಗಿ ಎದ್ದು ಕಾಣುತ್ತದೆ. ನೋಟದ ಸುದ್ದಿ ದಾಟುವುದು ಅದರ ಹಿಂತುದಿಯಲ್ಲಿ.

ಸೇತುವೆ ಕಡಿದರೆ? 1960ರ ದಶಕದಲ್ಲಿ ಅಮೆರಿಕದಲ್ಲಿ, ಔಷಧಕ್ಕೆ ಬಗ್ಗದ ಫಿಟ್ಸ್ ತಡೆಯಲು ಕೆಲವರಿಗೆ ಅದನ್ನು ಕತ್ತರಿಸಿದರು. ಆ ರೋಗಿಗಳನ್ನು ರೋಜರ್ ಸ್ಪೆರಿ ಮತ್ತು ಮೈಕೆಲ್ ಗಝಾನಿಗ ಎಂಬ ವಿಜ್ಞಾನಿಗಳು ಪರೀಕ್ಷಿಸಿದರು. ಎಡಬದಿಯಲ್ಲಿ ಒಂದು ಚಿತ್ರ ಕ್ಷಣಮಾತ್ರ ಮಿನುಗಿತು. ಏನು ಕಂಡಿತು ಎಂದರೆ, ಏನೂ ಇಲ್ಲ ಎಂಬ ಉತ್ತರ. ಆದರೆ ಪರದೆಯ ಹಿಂದೆ ತಡಕಾಡಿದ ಎಡಗೈ ಅದೇ ವಸ್ತುವನ್ನು ಆರಿಸಿತು! ಕಂಡದ್ದು ಬಲ ಮಿದುಳಿಗೆ, ಮಾತು ಇದ್ದದ್ದು ಎಡದಲ್ಲಿ. ಸ್ಪೆರಿಗೆ 1981ರಲ್ಲಿ ನೊಬೆಲ್ ಬಂತು.

ನನ್ನನ್ನು ಹೆಚ್ಚು ಕಾಡುವುದು ಅದಕ್ಕೂ ಹಳೆಯ ಪ್ರಕರಣ. 1892ರಲ್ಲಿ ಫ್ರಾನ್ಸ್‌ನ ವೈದ್ಯ ಡೆಜೆರಿನ್ ವರ್ಣಿಸಿದ ರೋಗಿಯೊಬ್ಬ ಬರೆಯಬಲ್ಲವನಾಗಿದ್ದ, ತಾನು ಬರೆದದ್ದನ್ನು ಓದಲಾರ. ಅವನ ಎಡ ಮಿದುಳಿನ ನೋಟದ ಭಾಗವೂ ಸೇತುವೆಯ ಹಿಂತುದಿಯೂ ಕೆಟ್ಟಿದ್ದವು. ಬಲ ಮಿದುಳು ಅಕ್ಷರ ಕಂಡರೂ, ಎಡಗಡೆಯ ಭಾಷೆಯ ನೆಲೆಗೆ ಅದನ್ನು ಮುಟ್ಟಿಸುವ ದಾರಿ ಮುಚ್ಚಿತ್ತು.

ಇದು ನಮ್ಮ ಭಾಗದವರಿಗೂ ಬೇಕಾದ ತಿಳಿವಳಿಕೆ. ಲಕ್ವಾ ಎಂದರೆ ಕೈಕಾಲು ಬೀಳುವುದು ಎಂದಷ್ಟೇ ನಂಬಿದ್ದೇವೆ. ಕೈಕಾಲು ಗಟ್ಟಿಯಿದ್ದೂ ನೋಟದ ಅರ್ಧ ಹೋಗಬಹುದು. ತಟ್ಟೆಯ ಒಂದು ಬದಿಯ ಅನ್ನ ಹಾಗೇ ಉಳಿಯುತ್ತದೆ, ಒಂದೇ ಬದಿಯ ಬಾಗಿಲಿಗೆ ಭುಜ ಬಡಿಯುತ್ತದೆ. ಒಮ್ಮೆಲೇ ಹಾಗಾದರೆ ಒಂದೊಂದೇ ಕಣ್ಣು ಮುಚ್ಚಿ ನೋಡಿ. ಎರಡರಲ್ಲೂ ಅದೇ ಬದಿ ಕಾಣದಿದ್ದರೆ ತೊಂದರೆ ಇರುವುದು ಮಿದುಳಿನಲ್ಲಿ. ಕಣ್ಣಿನ ಶಿಬಿರಕ್ಕೆ ಕಾಯಬೇಡಿ. ರಕ್ತದ ಹೆಪ್ಪು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ತೊಂದರೆ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಕೂಡಲೇ 108ಕ್ಕೆ ಕರೆ ಮಾಡಿ, ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೇ ಹೋಗಿ.